ಫ್ರೆಂಚರ ಮನೆಮಾತು

ಪರಭಾಷೆಯೊಂದನ್ನು ಕಲಿಯಲು ಹೊರಟವರು ಮೊದಲು ಕೈಗೆತ್ತಿಕೊಳ್ಳುವುದು ವ್ಯಾಕರಣವನ್ನು, ಅನಂತರ ನಿಘಂಟನ್ನು. ಇವೆರಡೂ ಬೇಕಾದವುಗಳೇ ಸರಿ. ಇವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ಇವೆರಡನ್ನೇ ನೆಮ್ಮಿಕೊಂಡವರ ಸ್ಥಿತಿಯು ಈಜುವ ಕ್ರಮವನ್ನು ಪುಸ್ತಕದಲ್ಲಿ ಓದಿ ಹೊಳೆಗಿಳಿದವನ ಸ್ಥಿತಿಯಂತಾಗುವುದುಂಟು. ಬೆಂಗಳೂರಿನಂತಹ ಪಟ್ಟಣಗಳಲ್ಲಿ ನಮ್ಮ ಹುಡುಗರೂ ಹುಡುಗಿಯರೂ ಅನೇಕರು ಫ್ರೆಂಚನ್ನು ದ್ವಿತೀಯ ಭಾಷೆಯನ್ನಾಗಿ ಆರಿಸಿಕೊಂಡು ಓದುತ್ತಿರುವುದು ವಾಚಕರಿಗೆ ವಿದಿತವೇ ಆಗಿದೆ. ಅಂಕಗಳು ಹೇರಳವಾಗಿ ದೊರೆಯುವುವೆಂಬ ಎಣಿಕೆಯೇ ಎಷ್ಟೋ ಮನೆಗಳಲ್ಲಿ ಈ ಆಯ್ಕೆಗೆ ಕಾರಣ. ಇಂತಹ ವಿದ್ಯಾರ್ಥಿಗಳು ಕ್ರಿಯಾಪದಗಳ ರೂಪಗಳನ್ನು ಒಂದೂ ತಪ್ಪದಂತೆ ಒಪ್ಪಿಸಬಲ್ಲರು. ಆದರೆ ಫ್ರೆಂಚ್ ಗೃಹಿಣಿಯೊಬ್ಬಳು ನಿಟ್ಟುಸಿರಿಟ್ಟು “ಕ್ಯಾರೆಟ್ಟುಗಳು ಬೆಂದುಹೋದುವು” ಎಂದರೆ, ಅವರು ಅಡುಗೆಯ ಮನೆಯ ಕಡೆಗೆ ನೋಡುವರೇ ಹೊರತು, “ಕೆಲಸ ಕೆಟ್ಟಿತು, ಇನ್ನು ಉಪಾಯವಿಲ್ಲ” ಎಂಬುದು ಆಕೆಯ ಅಭಿಪ್ರಾಯವೆಂದು ಅರಿಯರು.

ಭಾಷೆಯ ಶರೀರವು ವ್ಯಾಕರಣದಲ್ಲಿದ್ದರೆ ಅದರ ಜೀವವು ಮನೆಯಲ್ಲಿದೆ. ಬಾಗಿಲಲ್ಲಿ ಎದುರುಗೊಳ್ಳುವ ಮಾತು, ಊಟಕ್ಕೆ ಕುಳಿತಾಗ ಆಡುವ ಮಾತು, ಹಬ್ಬದ ದಿನ ಮಕ್ಕಳು ಕೂಗುವ ಮಾತು, ಒಬ್ಬರನ್ನೊಬ್ಬರು ಗೇಲಿಮಾಡುವ ಮಾತು - ಇವುಗಳಲ್ಲಿಯೇ ಒಂದು ಜನಾಂಗದ ನಡೆನುಡಿಗಳೆಲ್ಲ ಅಡಕವಾಗಿರುವುವು. ಫ್ರೆಂಚರ ಇಂತಹ ಮನೆಮಾತುಗಳಲ್ಲಿ ಕೆಲವನ್ನು ವಾಚಕರ ಮುಂದಿಡಬೇಕೆಂಬುದೂ, ಅವುಗಳ ಮೂಲಕ ಭಾಷೆಯನ್ನು ಕಲಿಯುವ ದಾರಿಯನ್ನು ಸೂಚಿಸಬೇಕೆಂಬುದೂ ನಮ್ಮ ಅಪೇಕ್ಷೆ. ಆ ಮಾತುಗಳನ್ನು ಕನ್ನಡ ಲಿಪಿಯಲ್ಲಿ ಬರೆಯುವಾಗ ಅವುಗಳ ನಾದವು ಪೂರ್ತಿಯಾಗಿ ಮೂಡುವುದಿಲ್ಲ. ಸೊನ್ನೆಯಿಟ್ಟಲ್ಲಿ ಮಕಾರವನ್ನಾಗಲಿ ನಕಾರವನ್ನಾಗಲಿ ಸ್ಪಷ್ಟವಾಗಿ ನುಡಿಯದೆ ಸ್ವರವನ್ನು ಮೂಗಿನಿಂದ ಹೊರಡಿಸಬೇಕೆಂಬುದನ್ನು ಮಾತ್ರ ನೆನಪಿನಲ್ಲಿಟ್ಟರೆ ಸದ್ಯಕ್ಕೆ ಸಾಕು.

ಬಾಗಿಲಿನ ಮಾತು

ಫ್ರೆಂಚರಲ್ಲಿ ಸರ್ವ ವ್ಯವಹಾರಗಳಿಗೂ ಮಂಗಳಾಚರಣೆಯಂತಿರುವ ಮಾತು “ಬೊಂಜೂರ್” ಎಂಬುದು. “ಒಳ್ಳೆಯ ದಿನ” ಎಂದು ಅದರ ಶಬ್ದಾರ್ಥ. ಅಂಗಡಿಯನ್ನು ಹೊಕ್ಕಾಗ ಬೇಕಾದ ಸಾಮಾನನ್ನು ಕೇಳುವುದಕ್ಕೆ ಮುಂಚೆ ಬೊಂಜೂರ್ ಎನ್ನಬೇಕು. ದಾರಿ ಕೇಳುವಾಗಲೂ ಅಷ್ಟೆ. ವೈದ್ಯರಲ್ಲಿ ಕಾದು ಕುಳಿತವರ ನಡುವೆ ಹೋಗಿ ಕೂಡುವಾಗಲೂ ಅಷ್ಟೆ. ನೇರವಾಗಿ “ಇಂಥದು ಕೊಡಿ” ಎಂದು ಕೇಳಿದವನು ಎಷ್ಟೇ ಶುದ್ಧವಾದ ಭಾಷೆಯಲ್ಲಿ ಕೇಳಿದ್ದರೂ ಅಸಭ್ಯನೆನಿಸಿಕೊಳ್ಳುವನು. ಅಂಗಡಿಯವನು ಅವನ ಪ್ರಶ್ನೆಗೆ ಉತ್ತರ ಕೊಡದೆ “ಬೊಂಜೂರ್” ಎಂದು ಒತ್ತಿ ನುಡಿದು, ಮರೆತ ಪಾಠವನ್ನು ನೆನಪುಮಾಡಿಕೊಡುವುದೂ ಉಂಟು. ಇದಾದ ಮೇಲೆ “ಸಿಲ್ ವೂ ಪ್ಲೆ” ಎಂದರೆ “ದಯವಿಟ್ಟು”, “ಮೆರ್ಸಿ” ಎಂದರೆ “ಉಪಕಾರವಾಯಿತು”. ಈ ಮೂರು ಮಾತುಗಳು ಬಾರದವನಿಗೆ ಮುನ್ನೂರು ಕ್ರಿಯಾಪದಗಳು ಬಂದರೂ ಬಾಗಿಲು ತೆರೆಯುವುದು ಕಷ್ಟ.

ಬಾಗಿಲು ದಾಟಿದ ಮೇಲೆ ಎದುರಾಗುವುದು “ತ್ಯು” ಮತ್ತು “ವೂ” ಎಂಬ ಸರ್ವನಾಮಗಳ ಪ್ರಶ್ನೆ. ಇವು ನಮ್ಮ “ನೀನು”, “ನೀವು”ಗಳಲ್ಲದೆ ಬೇರೆಯಲ್ಲ. ಇಂಗ್ಲಿಷಿನ ಮೂಲಕ ಫ್ರೆಂಚನ್ನು ಕಲಿಯುವವನಿಗೆ ಇದೊಂದು ತೊಡಕು. ಅವನಿಗೆ ಎಲ್ಲರನ್ನೂ ಕರೆಯಲು ಇರುವುದು ಒಂದೇ ಶಬ್ದ. ಕನ್ನಡಿಗನಾದರೋ ಈ ವಿವೇಕವನ್ನು ತಾಯಿಯ ತೊಡೆಯ ಮೇಲೆಯೇ ಕಲಿತಿರುತ್ತಾನೆ. ಗುರುತಿಲ್ಲದವರನ್ನೂ ಹಿರಿಯರನ್ನೂ ಮೇಲಧಿಕಾರಿಗಳನ್ನೂ “ವೂ” ಎಂದೂ, ಗೆಳೆಯರನ್ನೂ ಮಕ್ಕಳನ್ನೂ “ತ್ಯು” ಎಂದೂ ಕರೆಯುವುದು ಪದ್ಧತಿ. ದೇವರನ್ನು ನಾವು “ನೀನು” ಎಂದು ಬೇಡಿಕೊಳ್ಳುವಂತೆ ಅವರೂ ಇಂದಿನ ಪ್ರಾರ್ಥನೆಗಳಲ್ಲಿ “ತ್ಯು” ಎಂದೇ ಬೇಡಿಕೊಳ್ಳುತ್ತಾರೆ. ಆದರೆ ಒಂದು ವ್ಯತ್ಯಾಸವನ್ನು ಗಮನಿಸತಕ್ಕದ್ದು: ಅಲ್ಲಿ ಮಕ್ಕಳು ತಂದೆತಾಯಿಗಳನ್ನೂ ಅಜ್ಜ ಅಜ್ಜಿಯರನ್ನೂ ಸಾಮಾನ್ಯವಾಗಿ “ತ್ಯು” ಎಂದೇ ಕರೆಯುವರು, ಅದರಲ್ಲಿ ಅಗೌರವವೇನೂ ಇಲ್ಲ. ಇದಕ್ಕೆ ವಿರುದ್ಧವಾಗಿ, ಕೆಲವು ಹಳೆಯ ಮನೆತನಗಳಲ್ಲಿ ಗಂಡಹೆಂಡಿರೇ ಪರಸ್ಪರ “ವೂ” ಎನ್ನುವುದುಂಟು. 1995 ರಿಂದ 2007 ರವರೆಗೆ ಫ್ರಾನ್ಸಿನ ರಾಷ್ಟ್ರಾಧ್ಯಕ್ಷರಾಗಿದ್ದ ಜಾಕ್ ಶಿರಾಕ್ ದಂಪತಿಗಳು ಹೀಗೆಯೇ ಕರೆದುಕೊಳ್ಳುತ್ತಿದ್ದರು. ಪರಿಚಯವು ಬೆಳೆದು ಸ್ನೇಹವಾದಾಗ, “ಇನ್ನು ನಾವು ತ್ಯು ಎನ್ನಬಹುದಲ್ಲವೆ?” ಎಂದು ಒಬ್ಬರು ಕೇಳಿ ಇನ್ನೊಬ್ಬರು ಒಪ್ಪುವುದು ಒಂದು ಸಣ್ಣ ಸಂಸ್ಕಾರವೇ ಸರಿ.

ಮಹಾಕ್ರಾಂತಿಯ ಕಾಲದಲ್ಲಿ, 1793 ರಲ್ಲಿ, ಸರ್ವರೂ ಸಮಾನರಾದ್ದರಿಂದ ಕಚೇರಿಗಳಲ್ಲಿ ಎಲ್ಲರೂ ಎಲ್ಲರನ್ನೂ “ತ್ಯು” ಎಂದೇ ಕರೆಯಬೇಕೆಂದು ಆಳುವವರು ವಿಧಿಸಿದರು. ಕೆಲವೇ ವರ್ಷಗಳಲ್ಲಿ ಆ ವಿಧಿಯು ಬಿದ್ದುಹೋಗಿ “ವೂ” ಎಂಬುದು ತನ್ನ ಸ್ಥಾನಕ್ಕೆ ಮರಳಿತು. ಆಳುವವರ ಆಜ್ಞೆಗಿಂತ ಮನೆಯ ರೂಢಿಯು ಬಲವಾದುದೆಂಬುದಕ್ಕೆ ಇದೊಂದು ನಿದರ್ಶನ. ಈ ಮಾತಿನ ಇನ್ನೊಂದು ಮುಖವನ್ನು ಮುಂದೆ ನೋಡಲಿರುವೆವು.

ರೊಟ್ಟಿ, ಬೆಣ್ಣೆ, ಚೀಸು

ಫ್ರೆಂಚರ ಊಟದಲ್ಲಿ ಅನ್ನದ ಸ್ಥಾನವು ರೊಟ್ಟಿಗೆ ಸಂದಿದೆ. ಇದು ನಮ್ಮ ಜೋಳದ ರೊಟ್ಟಿಯಲ್ಲ. ಗೋಧಿಯ ಹಿಟ್ಟನ್ನು ಹುದುಗಿಸಿ, ಉಬ್ಬಿಸಿ, ಬಿಸಿಯ ಗೂಡಿನಲ್ಲಿ ಬೇಯಿಸಿದ ಬ್ರೆಡ್ಡು. ಕೋಲಿನಂತೆ ಉದ್ದವಾಗಿರುವ “ಬಾಗೆತ್” ಎಂಬುದು ಅದರಲ್ಲಿ ಪ್ರಸಿದ್ಧವಾದುದು. ಬಾಗೆತ್ ಎಂದರೆ ಕೋಲೆಂದೇ ಅರ್ಥ. “ಸಾಂಪ್ರದಾಯಿಕ ಫ್ರೆಂಚ್ ರೊಟ್ಟಿ” ಎಂದು ಮಾರುವುದರಲ್ಲಿ ಏನೇನು ಇರಬಹುದು, ಏನಿರಕೂಡದು ಎಂಬುದನ್ನು 1993 ರ ಒಂದು ಸರಕಾರೀ ಶಾಸನವು ಗೊತ್ತುಮಾಡಿದೆ. 2022 ರಲ್ಲಿ ಯುನೆಸ್ಕೋ ಸಂಸ್ಥೆಯು ಬಾಗೆತ್ ತಯಾರಿಸುವ ಕುಶಲತೆಯನ್ನೂ ಅದರ ಸುತ್ತಣ ಜೀವನಕ್ರಮವನ್ನೂ ಮಾನವಕುಲದ ಪರಂಪರೆಯ ಪಟ್ಟಿಯಲ್ಲಿ ಸೇರಿಸಿತು.

ಹೀಗಿರುವಾಗ ಅವರ ಮಾತಿನಲ್ಲೆಲ್ಲ ರೊಟ್ಟಿಯು ತುಂಬಿರುವುದು ಆಶ್ಚರ್ಯವಲ್ಲ. ರೊಟ್ಟಿಗೆ “ಪ್ಯಾಂ” ಎಂದು ಹೆಸರು. ಗೆಳೆಯನಿಗೆ ಅವರ ಮನೆಮಾತು “ಕೊಪ್ಯಾಂ”. ಲ್ಯಾಟಿನ್ ಮೂಲವನ್ನು ಹಿಡಿದು ಹೇಳುವುದಾದರೆ “ರೊಟ್ಟಿಯನ್ನು ಹಂಚಿಕೊಂಡು ತಿಂದವನು” ಎಂದರ್ಥ. ಅನ್ನದ ಋಣ, ಉಪ್ಪಿನ ಋಣಗಳನ್ನು ಬಲ್ಲ ನಮಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ. ಬೇಸರ ಹುಟ್ಟಿಸುವಷ್ಟು ದೀರ್ಘವಾದುದನ್ನು “ರೊಟ್ಟಿಯಿಲ್ಲದ ದಿನದಷ್ಟು ಉದ್ದ” ಎನ್ನುವರು. ಬಡತನವನ್ನು ಕಂಡ ಮನೆಗಳಿಂದ ಹುಟ್ಟಿದ ಮಾತದು. ಮಾಡಬೇಕಾದ ಕೆಲಸವು ರಾಶಿಬಿದ್ದಿದ್ದರೆ “ಹಲಗೆಯ ಮೇಲೆ ರೊಟ್ಟಿಯಿದೆ” ಎನ್ನುವರು. ಈ ಮಾತಿನ ಚರಿತ್ರೆಯು ಸ್ವಾರಸ್ಯವಾದುದು. ಹಿಂದೆ ಹಳ್ಳಿಯವರು ಹಲವು ದಿನಗಳಿಗಾಗುವಷ್ಟು ರೊಟ್ಟಿಯನ್ನು ಒಮ್ಮೆಲೇ ಸುಟ್ಟು ಹಲಗೆಯ ಮೇಲೆ ಇಡುತ್ತಿದ್ದರು. ಆಗ ಹಲಗೆಯ ಮೇಲೆ ರೊಟ್ಟಿಯಿದ್ದವನು ದುಡಿಯದೆ ಕೂತು ಉಣ್ಣಬಲ್ಲವನು. ಕಾಲಕ್ರಮದಲ್ಲಿ ಅರ್ಥವು ತಲೆಕೆಳಗಾಗಿ, ಇಂದು ಅದೇ ಮಾತು ಪುರುಸೊತ್ತಿಲ್ಲದವನ ಮಾತಾಗಿದೆ.

ಬೆಣ್ಣೆಯ ಮಾತುಗಳೂ ಹೀಗೆಯೇ ರುಚಿಕರವಾಗಿವೆ. ಸಂಬಳದ ಜೊತೆಗೆ ಅಷ್ಟಿಷ್ಟು ಮೇಲು ಸಂಪಾದನೆಯಾದರೆ “ಸೊಪ್ಪಿನ ಪಲ್ಯಕ್ಕೆ ಬೆಣ್ಣೆ ಬಿತ್ತು” ಎನ್ನುವರು. ಎರಡು ಕಡೆಯ ಲಾಭವನ್ನೂ ಬಯಸುವವನಿಗೆ “ಬೆಣ್ಣೆಯೂ ಬೇಕು, ಬೆಣ್ಣೆ ಮಾರಿದ ಹಣವೂ ಬೇಕು” ಎಂದು ಚುಚ್ಚುವರು. “ನೆಂಟರ ಮೇಲೆ ಪ್ರೀತಿ, ಅಕ್ಕಿಯ ಮೇಲೆ ಆಸೆ” ಎಂಬ ನಮ್ಮ ಗಾದೆಯನ್ನು ಬಲ್ಲವರಿಗೆ ಇದು ಒಮ್ಮೆ ಕೇಳಿದರೆ ಮರೆಯದು. ನಾವು “ಕಡ್ಡಿಯನ್ನು ಗುಡ್ಡ ಮಾಡುವುದು” ಎಂಬಲ್ಲಿ ಅವರು “ಅದರಿಂದಲೇ ಒಂದು ಇಡಿಯ ಚೀಸು ಮಾಡುವುದು” ಎನ್ನುವರು. ಮೂರ್ಛೆಹೋಗುವುದಕ್ಕೆ “ಸೇಬುಗಳಲ್ಲಿ ಬೀಳುವುದು”, ಬುರುಡೆ ಬಿಡುವುದಕ್ಕೆ “ಸಾಲಡ್‌ಗಳನ್ನು ಹೇಳುವುದು”, ಸಿಟ್ಟೇರುವುದಕ್ಕೆ “ಸಾಸಿವೆ ಮೂಗಿಗೇರುವುದು”, ಪರರ ವಿಷಯದಲ್ಲಿ ತಲೆಹಾಕುವವನಿಗೆ “ನಿನ್ನ ಈರುಳ್ಳಿಯನ್ನು ನೀನು ನೋಡಿಕೋ”! ಅಡುಗೆಯ ಮನೆಯೊಂದನ್ನು ಸುತ್ತಿಬಂದರೆ ಮಾನವ ಸ್ವಭಾವದ ಅರ್ಧಭಾಗವು ತಿಳಿದಂತಾಯಿತು.

ನಗೆಯ ಪಾಠ

ಪರಭಾಷೆಯಲ್ಲಿ ಓದಬಲ್ಲವರು ಬಹುಮಂದಿ. ಅದರಲ್ಲಿ ನಗಬಲ್ಲವರು ಕೆಲವರು. ನಗೆಯು ತಿಳಿದರೆ ಭಾಷೆಯು ಒಲಿಯಿತೆಂದೇ ಎಣಿಸಬಹುದು.

ಫ್ರೆಂಚಿನಲ್ಲಿ ಬರವಣಿಗೆಗೂ ಉಚ್ಚಾರಣೆಗೂ ಇರುವ ದೂರವು ಮಕ್ಕಳಿಗೆ ಒಂದು ವಿನೋದದ ಗಣಿ. “ಸೊ” ಎಂದರೆ ದಡ್ಡ, “ಸೊ” ಎಂದರೆ ಮುದ್ರೆ, “ಸೊ” ಎಂದರೆ ಬಕೀಟು, “ಸೊ” ಎಂದರೆ ನೆಗೆತ. ಬರೆಯುವ ಕ್ರಮವು ನಾಲ್ಕಕ್ಕೂ ಬೇರೆಬೇರೆ. ನುಡಿಯುವುದು ಒಂದೇ ಬಗೆ. ದಡ್ಡನೊಬ್ಬನು ರಾಜಮುದ್ರೆಯನ್ನು ಬಕೀಟಿನಲ್ಲಿಟ್ಟುಕೊಂಡು ಕತ್ತೆಯೇರಿ ಹೋಗುತ್ತಿರಲು, ಕತ್ತೆಯು ಒಂದು ನೆಗೆತ ನೆಗೆಯಿತು. ಆಗ ಮೂರು “ಸೊ”ಗಳೂ ನೆಲಕ್ಕೆ ಬಿದ್ದುವು. ಇದನ್ನು ಬಾಯಿಂದ ಹೇಳಬಹುದು. ಆದರೆ “ಮೂರು ಸೊ” ಎಂಬುದನ್ನು ಯಾವ ಅಕ್ಷರಗಳಿಂದ ಬರೆಯಬೇಕು? ಈ ಪ್ರಶ್ನೆಯಿಂದ ಮಕ್ಕಳು ಉಪಾಧ್ಯಾಯರನ್ನು ಪೇಚಿಗೆ ಸಿಕ್ಕಿಸುವುದು ಹಳೆಯ ಕುಚೋದ್ಯ. ಲಿಂಗವಿಚಾರವೂ ಇಂತಹುದೇ. ಅಚೇತನ ವಸ್ತುಗಳಿಗೆಲ್ಲ ಅಲ್ಲಿ ಪುಲ್ಲಿಂಗವಾಗಲಿ ಸ್ತ್ರೀಲಿಂಗವಾಗಲಿ ಇರಲೇಬೇಕು. ಕುರ್ಚಿಯು ಸ್ತ್ರೀಲಿಂಗ, ಅದರ ಪಕ್ಕದ ಮುಕ್ಕಾಲುಪೀಠವು ಪುಲ್ಲಿಂಗ. ಅದಾದರೂ ಇರಲಿ, ಗಂಡಸಿನ ಗಡ್ಡವೂ ಮೀಸೆಯೂ ಸ್ತ್ರೀಲಿಂಗ! ಸಂಸ್ಕೃತದಲ್ಲಿ ಹೆಂಡತಿಯೆಂಬರ್ಥದ “ದಾರ” ಶಬ್ದವು ಪುಲ್ಲಿಂಗವೆಂದು ಕೇಳಿಬಲ್ಲ ನಮ್ಮವರು ಇದಕ್ಕೆ ಬೆರಗಾಗಬೇಕಾದುದಿಲ್ಲ.

ಮಾತು ವಿಷಯವನ್ನು ಬಿಟ್ಟು ಹರಿದಾಗ ಫ್ರೆಂಚರು “ರೆವೆನೋಂ ಆ ನೋ ಮುತೋಂ” ಎನ್ನುವರು. “ನಮ್ಮ ಕುರಿಗಳ ಕಡೆಗೆ ಹಿಂದಿರುಗೋಣ” ಎಂದರ್ಥ. ಈ ಕುರಿಗಳು ಬಂದುದು 15ನೆಯ ಶತಮಾನದ ಒಂದು ಪ್ರಹಸನದಿಂದ. ಪಾತ್‌ಲ್ಯಾಂ ಎಂಬ ಧೂರ್ತ ವಕೀಲನು ಜವಳಿಯ ವರ್ತಕನನ್ನು ಹೊಗಳಿ ಉಬ್ಬಿಸಿ ಬಟ್ಟೆಯನ್ನು ಸಾಲವಾಗಿ ಒಯ್ಯುತ್ತಾನೆ. ವರ್ತಕನು ಹಣಕ್ಕೆ ಬಂದಾಗ ಸನ್ನಿಪಾತ ಹಿಡಿದವನಂತೆ ಮಲಗಿ, ನಾನಾ ಪ್ರಾಂತಗಳ ನುಡಿಗಳಲ್ಲಿ ಬಡಬಡಿಸಿ ಅವನನ್ನು ಓಡಿಸುತ್ತಾನೆ. ಅದೇ ವರ್ತಕನ ಕುರಿಗಳನ್ನು ಕೊಂದು ತಿಂದ ಕುರುಬನೊಬ್ಬನ ಮೇಲೆ ದಾವೆ ನಡೆಯುವಾಗ ಕುರುಬನ ಪರವಾಗಿ ನಿಲ್ಲುವ ವಕೀಲನೂ ಈ ಪಾತ್‌ಲ್ಯಾಂನೇ! ಅವನನ್ನು ಕಂಡೊಡನೆ ವರ್ತಕನು ಕುರಿಯ ಮಾತನ್ನು ಬಿಟ್ಟು ಬಟ್ಟೆಯ ಮಾತಿಗೆ ಹಾರುವನು. ನ್ಯಾಯಾಧೀಶನು ಮತ್ತೆಮತ್ತೆ ಅವನನ್ನು ಕುರಿಗಳ ಕಡೆಗೆ ಎಳೆಯುವನು. ಏನು ಕೇಳಿದರೂ “ಬ್ಯಾ” ಎಂದು ಕುರಿಯಂತೆ ಕೂಗಬೇಕೆಂದು ವಕೀಲನು ಕುರುಬನಿಗೆ ಕಲಿಸಿಟ್ಟಿರುತ್ತಾನೆ. ಇವನು ಬುದ್ಧಿಯಿಲ್ಲದವನೆಂದು ನ್ಯಾಯಾಧೀಶನು ಬಿಟ್ಟುಬಿಡುತ್ತಾನೆ. ಕೊನೆಗೆ ವಕೀಲನು ತನ್ನ ಫೀಜನ್ನು ಕೇಳಿದರೆ ಅದಕ್ಕೂ ಕುರುಬನ ಉತ್ತರ “ಬ್ಯಾ” ಎಂದೇ. ಒಂದು ನುಡಿಗಟ್ಟಿನ ಹಿಂದೆ ಇಡಿಯ ಕಥೆಯೇ ಅಡಗಿರುವುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ದುರ್ಲಭ.

ದಕ್ಷಿಣ ಸಮುದ್ರತೀರದ ಮಾರ್ಸೇ ಪಟ್ಟಣದವರು ಬಣ್ಣಕಟ್ಟಿ ಹೇಳುವುದರಲ್ಲಿ ಹೆಸರಾದವರು. ಅತಿಶಯೋಕ್ತಿಯನ್ನು ಕೇಳಿದಾಗ ಇತರರು “ಮಾರ್ಸೇ ರೇವನ್ನು ಮುಚ್ಚಿದ ಸಾರ್ದೀನು” ಎಂದು ನಗುವರು. ಸಾರ್ದೀನೆಂಬುದು ನಮ್ಮ ಬೂತಾಯಿಯ ಜಾತಿಯ ಸಣ್ಣ ಮೀನು. ಅದು ಬಂದರಿನ ಬಾಯಿಗೆ ಅಡ್ಡಬಿದ್ದು ಹಡಗುಗಳ ಸಂಚಾರವನ್ನೇ ನಿಲ್ಲಿಸಿತಂತೆ! ಆದರೆ ಈ ಸುಳ್ಳಿನ ಬುಡದಲ್ಲಿ ಒಂದು ನಿಜವಿದೆ. ಅದಕ್ಕೂ ನಮ್ಮ ನಾಡಿನ ಚರಿತ್ರೆಗೂ ನಂಟುಂಟು. 1778 ರಲ್ಲಿ ಇಂಗ್ಲಿಷರು ಫ್ರೆಂಚರಿಂದ ಪುದುಚೇರಿಯನ್ನು ಕಸಿದುಕೊಂಡರು. ಮರುವರ್ಷ ಮಲಬಾರಿನ ಮಾಹೆಯನ್ನೂ ಹಿಡಿದರು. ಮಾಹೆಯ ಮೂಲಕ ಯುದ್ಧಸಾಮಗ್ರಿಯನ್ನು ಪಡೆಯುತ್ತಿದ್ದ ಮೈಸೂರಿನ ಹೈದರಾಲಿಯು ಇದರಿಂದ ಕೆರಳಿ 1780 ರಲ್ಲಿ ಇಂಗ್ಲಿಷರ ಮೇಲೆ ಎರಡನೆಯ ಮೈಸೂರು ಯುದ್ಧವನ್ನು ಹೂಡಿದನು. ಅದೇ ವರ್ಷ, ಪುದುಚೇರಿಯಲ್ಲಿ ಸೆರೆಸಿಕ್ಕಿದ್ದ ಫ್ರೆಂಚರನ್ನು ಸ್ವದೇಶಕ್ಕೆ ಕರೆತರುತ್ತಿದ್ದ ಹಡಗೊಂದು ದಾರಿಯಲ್ಲಿ ಗುಂಡಿನೇಟು ತಿಂದು, ಮಾರ್ಸೇ ಬಂದರಿನ ಬಾಗಿಲಲ್ಲಿ ನೆಲಹತ್ತಿ ದಾರಿಯನ್ನು ಕಟ್ಟಿತು. ನೌಕಾಮಂತ್ರಿಯ ಹೆಸರನ್ನು ಹೊತ್ತ ಆ ಹಡಗಿನ ಹೆಸರು “ಸಾರ್ತೀನ್”. ಒಂದಕ್ಷರವು ಬದಲಾಗಿ ಹಡಗು ಮೀನಾಯಿತು!

ಕಲಿಯುವವರನ್ನೂ ಈ ಜನರು ಬಿಟ್ಟಿಲ್ಲ. ಫ್ರೆಂಚನ್ನು ಕೆಡಿಸಿ ಆಡುವವನು “ಸ್ಪೇನಿನ ಹಸುವಿನಂತೆ” ಆಡುವನಂತೆ. ನಮ್ಮಲ್ಲಿ ಮಾತಿನಲ್ಲಿ ನೆನೆದವರು ಆಗಲೇ ಬಂದರೆ “ನಿಮಗೆ ನೂರು ವರ್ಷ ಆಯುಸ್ಸು” ಎಂದು ಹರಸುವೆವು. ಅವರು “ತೋಳನ ಮಾತೆತ್ತಿದರೆ ತೋಳನ ಬಾಲ ಕಂಡಿತು” ಎನ್ನುವರು. ಎಂದಿಗೂ ಆಗದ ಕೆಲಸವನ್ನು ನಾವು ಮೊಲಕ್ಕೆ ಕೊಂಬು ಮೂಡುವ ಕಾಲಕ್ಕೆ ಮುಂದೂಡಿದರೆ ಅವರು ಕೋಳಿಗಳಿಗೆ ಹಲ್ಲು ಬರುವ ಕಾಲಕ್ಕೆ ಮುಂದೂಡುವರು. ಜಡಿಮಳೆಯು ನಮ್ಮಲ್ಲಿ ಒನಕೆಯ ಗಾತ್ರದ ಮುಸಲಧಾರೆ. ಅವರಲ್ಲಿ “ಹಗ್ಗಗಳ ಮಳೆ”. ಒಗಟನ್ನು ಬಿಡಿಸಲಾರದೆ ಸೋತವನು “ನನ್ನ ನಾಲಗೆಯನ್ನು ಬೆಕ್ಕಿಗೆ ಕೊಟ್ಟೆ” ಎನ್ನುವನು.

ಹಬ್ಬದ ಪಂಚಾಂಗ

ಫ್ರೆಂಚರ ಪಂಚಾಂಗದಲ್ಲಿ ದಿನಕ್ಕೊಬ್ಬ ಸಂತನ ಹೆಸರು ಅಚ್ಚಾಗಿರುತ್ತದೆ. ತನ್ನ ಹೆಸರಿನ ಸಂತನ ದಿನ ಬಂದಾಗ ಗೆಳೆಯರಿಂದ “ಬೊನ್ ಫೆತ್” ಎಂಬ ಹಾರೈಕೆಯನ್ನು ಪಡೆಯುವುದು ವಾಡಿಕೆ. ಧರ್ಮಶ್ರದ್ಧೆಯಿಲ್ಲದ ಮನೆಗಳಲ್ಲಿಯೂ ಹಬ್ಬದ ತಿಂಡಿಯನ್ನು ಬಿಟ್ಟವರು ಕಡಿಮೆ.

ಜನವರಿಯ ಮೊದಲ ವಾರದಲ್ಲಿ, ಶಿಶುಯೇಸುವನ್ನು ಕಾಣಬಂದ ಮೂವರು ಜ್ಞಾನಿಗಳ ಹಬ್ಬಕ್ಕೆ, “ಗಲೆತ್ ದೆ ರ್ವಾ” ಎಂಬ ದುಂಡಗಿನ ಭಕ್ಷ್ಯವನ್ನು ಕೊಯ್ಯುವರು. “ರಾಜರ ರೊಟ್ಟಿ” ಎನ್ನಬಹುದು. ಉತ್ತರದಲ್ಲಿ ಅದು ಬಾದಾಮಿಯ ಹೂರಣವಿಟ್ಟ ಪದರು ಪದರಾದ ತಿಂಡಿ. ದಕ್ಷಿಣದಲ್ಲಿ ಸಕ್ಕರೆಪಾಕದ ಹಣ್ಣುಗಳನ್ನಿಟ್ಟ ಉಂಗುರದ ಆಕಾರದ ಮೆತ್ತನೆಯ ರೊಟ್ಟಿ. ಅದರೊಳಗೆ ಒಂದು ಅವರೆಯ ಜಾತಿಯ ಕಾಳನ್ನು ಅಡಗಿಸಿಡುವುದು ಹಿಂದಿನ ಪದ್ಧತಿ. ಈಗ ಪಿಂಗಾಣಿಯ ಪುಟ್ಟ ಬೊಂಬೆ. ಮನೆಯ ಅತಿ ಚಿಕ್ಕ ಮಗುವು ಮೇಜಿನ ಕೆಳಗೆ ಕುಳಿತು, ಯಾವ ಹೋಳು ಯಾರಿಗೆಂದು ಕೂಗಿ ಹೇಳುವುದು. ಕಾಳು ಸಿಕ್ಕವರು ಆ ದಿನದ ರಾಜ ಅಥವಾ ರಾಣಿ. ಅವರಿಗೆ ಕಾಗದದ ಕಿರೀಟ. ಫ್ರಾನ್ಸಿನ ರಾಷ್ಟ್ರಾಧ್ಯಕ್ಷರ ಭವನಕ್ಕೆ ಒಪ್ಪಿಸುವ ಗಲೆತ್‌ನಲ್ಲಿ ಮಾತ್ರ ಕಾಳನ್ನಿಡುವುದಿಲ್ಲ. ಗಣರಾಜ್ಯದ ಅಧ್ಯಕ್ಷನು ರಾಜನಾಗಕೂಡದಷ್ಟೆ!

ಫೆಬ್ರವರಿ 2 ರಂದು “ಶಾಂದ್‌ಲರ್” ಎಂಬ ಹಬ್ಬ. ಅಂದು “ಕ್ರೆಪ್” ಎಂಬ ತೆಳುವಾದ ದೋಸೆಯನ್ನು ಹುಯ್ಯುವರು. ಎಡಗೈಯಲ್ಲಿ ನಾಣ್ಯವನ್ನು ಹಿಡಿದು, ಬಲಗೈಯಿಂದ ಬಾಣಲೆಯನ್ನು ಚಿಮ್ಮಿ ದೋಸೆಯನ್ನು ಗಾಳಿಯಲ್ಲಿ ಮಗುಚಿದರೆ ವರ್ಷವೆಲ್ಲ ಮನೆಯಲ್ಲಿ ಹಣಕ್ಕೆ ಕೊರತೆಯಿಲ್ಲವೆಂಬ ನಂಬಿಕೆ. ಏಪ್ರಿಲ್ 1 ರಂದು ಮಕ್ಕಳು ಕಾಗದದ ಮೀನನ್ನು ಕತ್ತರಿಸಿ ದೊಡ್ಡವರ ಬೆನ್ನಿಗೆ ಗೊತ್ತಾಗದಂತೆ ಅಂಟಿಸಿ “ಪ್ವಾಸೋಂ ದಾವ್ರಿಲ್!” ಎಂದು ಕೂಗುವರು, “ಏಪ್ರಿಲ್ ಮೀನು” ಎಂದರ್ಥ. ನಮ್ಮ ರೈತರು “ಭರಣಿ ಮಳೆ ಹೊಯ್ದರೆ ಧರಣಿಯೆಲ್ಲ ಬೆಳೆ” ಎಂದು ನಕ್ಷತ್ರಗಳಿಂದ ಮಳೆಬೆಳೆಗಳನ್ನು ಎಣಿಸುವಂತೆ ಅಲ್ಲಿನ ರೈತರು ಸಂತರ ದಿನಗಳಿಂದ ಎಣಿಸುವರು. ಮೇ 11, 12, 13 ಈ ಮೂರು ದಿನಗಳ ಸಂತರು “ಮಂಜಿನ ಸಂತರು”. ಅವರು ದಾಟುವವರೆಗೆ ಎಳೆಯ ಸಸಿಗಳನ್ನು ಹೊರಗೆ ನೆಡಬಾರದು. ನವೆಂಬರ್ 25 ರ ಸಂತ ಕ್ಯಾಥರೀನಳ ದಿನ ನೆಟ್ಟ ಕಡ್ಡಿಯೆಲ್ಲ ಬೇರುಬಿಡುವುದು. “ಕ್ರಿಸ್ಮಸ್ಸು ಮೊಗಸಾಲೆಯಲ್ಲಾದರೆ ಈಸ್ಟರು ಕೊಳ್ಳಿಯ ಬಳಿ” - ಚಳಿಗಾಲವು ಬೆಚ್ಚಗಾದರೆ ವಸಂತವು ಕೊರೆಯುವುದೆಂದು ಇದರ ತಾತ್ಪರ್ಯ.

ಊರಿಗೊಂದು ನುಡಿ

ಇಷ್ಟರಿಂದ ಫ್ರಾನ್ಸಿನಲ್ಲೆಲ್ಲ ಒಂದೇ ಬಗೆಯ ಮಾತೆಂದು ತಿಳಿಯಬಾರದು. ಚಾಕೊಲೇಟನ್ನು ಒಳಗಿಟ್ಟು ಬೇಯಿಸಿದ ಬೆಳಗಿನ ತಿಂಡಿಯೊಂದಕ್ಕೆ ಪ್ಯಾರಿಸಿನಲ್ಲಿ “ಪ್ಯಾಂ ಓ ಶೊಕೊಲಾ” ಎಂದೂ, ನೈಋತ್ಯದ ತುಲೂಸ್, ಬೋರ್ದೋ ಸೀಮೆಗಳಲ್ಲಿ “ಶೊಕೊಲಾತೀನ್” ಎಂದೂ ಹೆಸರು. ಯಾವುದು ಸರಿಯೆಂಬ ಹುಸಿಜಗಳವು ಮುಗಿಯುವಂತಿಲ್ಲ. ಎಣಿಕೆಯಲ್ಲಿಯೂ ಭೇದವುಂಟು. ಫ್ರಾನ್ಸಿನಲ್ಲಿ 70 ಎಂಬುದು “ಅರವತ್ತು ಹತ್ತು”, 80 ಎಂಬುದು “ನಾಲ್ಕು ಇಪ್ಪತ್ತು”, 99 ಎಂಬುದು “ನಾಲ್ಕು ಇಪ್ಪತ್ತು ಹತ್ತೊಂಬತ್ತು”. ಇಪ್ಪತ್ತರ ಗುಂಪಿನಲ್ಲಿ ಎಣಿಸುತ್ತಿದ್ದ ಹಳೆಯ ಪದ್ಧತಿಯ ಉಳಿಕೆಯಿದು. ಪ್ಯಾರಿಸಿನಲ್ಲಿ ದೊರೆ ಒಂಬತ್ತನೆಯ ಲೂಯಿಯು 13ನೆಯ ಶತಮಾನದಲ್ಲಿ 300 ಮಂದಿ ಅಂಧರಿಗಾಗಿ ಕಟ್ಟಿಸಿದ ಆಶ್ರಮಕ್ಕೆ “ಹದಿನೈದು ಇಪ್ಪತ್ತುಗಳು” ಎಂದು ಹೆಸರು. ಅದು ಇಂದಿಗೂ ಕಣ್ಣಿನ ಆಸ್ಪತ್ರೆಯಾಗಿ ನಡೆಯುತ್ತಿದೆ. ಬೆಲ್ಜಿಯಂ ಮತ್ತು ಸ್ವಿಟ್ಸರ್ಲೆಂಡಿನ ಫ್ರೆಂಚ್ ಭಾಷಿಕರಾದರೋ 70 ಕ್ಕೆ “ಸೆಪ್ತಾಂತ್”, 90 ಕ್ಕೆ “ನೊನಾಂತ್” ಎಂದು ಸರಳವಾಗಿ ಹೇಳಿ ಮುಗಿಸುವರು.

ಇವೆಲ್ಲವೂ ನಗುನಗುತ್ತ ಕಲಿಯತಕ್ಕ ಭೇದಗಳು. ಆದರೆ ನಗುವಿನ ಒಳಗೆ ಮುಳ್ಳಿರುವ ಒಂದು ಮಾತೂ ಉಂಟು. ಅರ್ಥವಾಗದಂತೆ ತೊದಲಿ ಬಡಬಡಿಸುವುದಕ್ಕೆ ಫ್ರೆಂಚಿನಲ್ಲಿ “ಬರಾಗ್ವಿನೆ” ಎನ್ನುವರು. ವಾಯವ್ಯದ ಬ್ರಿಟನಿ ಪ್ರಾಂತದ ಬ್ರೆಟನ್ ಭಾಷೆಯಲ್ಲಿ “ಬಾರಾ” ಎಂದರೆ ರೊಟ್ಟಿ, “ಗ್ವಿನ್” ಎಂದರೆ ದ್ರಾಕ್ಷಾರಸ. ಹಸಿದು ಬಂದ ಬ್ರೆಟನ್ ಪ್ರಯಾಣಿಕರು ಫ್ರೆಂಚರ ಛತ್ರಗಳಲ್ಲಿ “ಬಾರಾ, ಗ್ವಿನ್” ಎಂದು ಕೇಳುತ್ತಿದ್ದುದರಿಂದ ಈ ಶಬ್ದವು ಹುಟ್ಟಿತೆಂದು ಪ್ರತೀತಿ. ಪಂಡಿತರೆಲ್ಲರೂ ಇದನ್ನು ಒಪ್ಪಿಲ್ಲವಾದರೂ ಬ್ರೆಟನ್ನರ ಮನಸ್ಸಿನಲ್ಲಿ ಅದು ನಾಟಿದೆ. ಒಬ್ಬನು ಅನ್ನ ನೀರುಗಳನ್ನು ಕೇಳಿದ ಮಾತೇ ಇನ್ನೊಬ್ಬನ ಬಾಯಲ್ಲಿ ಹುಚ್ಚುಮಾತಿನ ಹೆಸರಾಯಿತು! ಮೇಲೆ ಹೇಳಿದ ಪ್ರಹಸನದಲ್ಲಿ ಪಾತ್‌ಲ್ಯಾಂನು ಸನ್ನಿಯ ಸೋಗುಹಾಕಿ ಬಡಬಡಿಸಿದ ಪ್ರಾಂತೀಯ ನುಡಿಗಳಲ್ಲಿ ಬ್ರೆಟನ್ನೂ ಒಂದೆಂಬುದನ್ನು ಇಲ್ಲಿ ಸ್ಮರಿಸಬಹುದು.

ಫ್ರೆಂಚ್ ಭಾಷೆಯು ಫ್ರಾನ್ಸಿನ ಸರ್ವರ ಮನೆಮಾತಾದುದು ಬಹಳ ಹಿಂದಿನ ಸಂಗತಿಯಲ್ಲ. ಗ್ರೆಗ್ವಾರ್ ಎಂಬ ಪಾದ್ರಿಯು 1794 ರಲ್ಲಿ ರಾಷ್ಟ್ರಸಭೆಗೆ ಒಪ್ಪಿಸಿದ ವರದಿಯಲ್ಲಿ, ಫ್ರೆಂಚನ್ನು ಶುದ್ಧವಾಗಿ ಆಡಬಲ್ಲವರು 30 ಲಕ್ಷಕ್ಕಿಂತ ಹೆಚ್ಚಿಲ್ಲವೆಂದೂ, 60 ಲಕ್ಷ ಮಂದಿಗೆ ಅದು ತಿಳಿಯದೆಂದೂ ಹೇಳಿದನು. 1881 - 82 ರ ಶಾಸನಗಳಿಂದ ಉಚಿತವೂ ಕಡ್ಡಾಯವೂ ಆದ ಪ್ರಾಥಮಿಕ ಶಿಕ್ಷಣವು ನೆಲೆಗೊಂಡಿತು. ಅದರಿಂದ ಜನರಿಗೆ ಆದ ಉಪಕಾರವು ಅಪಾರ. ಆದರೆ ಬ್ರಿಟನಿಯ ಎಷ್ಟೋ ಶಾಲೆಗಳಲ್ಲಿ, ಬ್ರೆಟನ್ ಮಾತನಾಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಹಳೆಯ ಮರದ ಪಾದರಕ್ಷೆಯನ್ನೋ ಇನ್ನಾವುದಾದರೂ ತುಂಡನ್ನೋ ಕಟ್ಟುತ್ತಿದ್ದರು. ಅದನ್ನು “ಸಂಕೇತ” ಎಂದೂ “ಹಸು” ಎಂದೂ ಕರೆಯುತ್ತಿದ್ದರು. ಅದನ್ನು ಕಳಚಿಕೊಳ್ಳಬೇಕಾದರೆ ತಾಯ್ನುಡಿಯನ್ನಾಡಿದ ಇನ್ನೊಂದು ಮಗುವನ್ನು ಹಿಡಿದುಕೊಡಬೇಕು. ಸಂಜೆಗೆ ಯಾರ ಕೊರಳಲ್ಲಿ ಅದು ಉಳಿದಿರುವುದೋ ಅವರಿಗೆ ಶಿಕ್ಷೆ.

ಈ ಶಿಕ್ಷೆಗಿಂತ ಆಳವಾಗಿ ಇಳಿದುದು ನಾಚಿಕೆ. ಕೊರಳಲ್ಲಿ “ಹಸು”ವನ್ನು ಹೊತ್ತ ಮಕ್ಕಳೇ ಮುಂದೆ ತಂದೆತಾಯಿಗಳಾದಾಗ, ಈ ಅವಮಾನವು ತಮ್ಮ ಮಕ್ಕಳಿಗೆ ಬೇಡವೆಂದು, ವಿಶೇಷವಾಗಿ ಎರಡನೆಯ ಮಹಾಯುದ್ಧದ ತರುವಾಯ, ಮನೆಯಲ್ಲಿ ಅವರೊಡನೆ ಬ್ರೆಟನ್ ಆಡುವುದನ್ನು ನಿಲ್ಲಿಸಿದರು. ಅಜ್ಜಿಯ ಮಾತು ಮೊಮ್ಮಕ್ಕಳಿಗೆ ತಿಳಿಯದಾಯಿತು. 20ನೆಯ ಶತಮಾನದ ಆರಂಭದಲ್ಲಿ ಹತ್ತು ಲಕ್ಷಕ್ಕೂ ಮಿಕ್ಕ ಜನರು ಆಡುತ್ತಿದ್ದ ಭಾಷೆಯು, 2018 ರ ಒಂದು ಸಮೀಕ್ಷೆಯ ಹೊತ್ತಿಗೆ ಸುಮಾರು ಎರಡು ಲಕ್ಷ ಜನರಲ್ಲಿ, ಅದೂ ಬಹುಮಟ್ಟಿಗೆ ವೃದ್ಧರಲ್ಲಿ, ಉಳಿದಿತ್ತು. 1977 ರಲ್ಲಿ ಕೆಲವು ಗೃಹಸ್ಥರು ಸೇರಿ ಬ್ರೆಟನ್ ಭಾಷೆಯಲ್ಲೇ ಕಲಿಸುವ ಶಿಶುವಿಹಾರವೊಂದನ್ನು ತೆರೆದು ಅದಕ್ಕೆ “ದಿವಾನ್” ಎಂದು ಹೆಸರಿಟ್ಟರು. ಆ ಭಾಷೆಯಲ್ಲಿ “ಮೊಳಕೆ” ಎಂದರ್ಥ. ಆ ಶಾಲೆಗಳು ಇಂದು ಅನೇಕವಾಗಿವೆ. 2008 ರಲ್ಲಿ ಪ್ರಾಂತೀಯ ಭಾಷೆಗಳು ಫ್ರಾನ್ಸಿನ ಪರಂಪರೆಗೆ ಸೇರಿದುವೆಂಬ ವಾಕ್ಯವು ರಾಜ್ಯಾಂಗದಲ್ಲಿಯೂ ಸೇರಿತು. ಆದರೆ ಮನೆಯಲ್ಲಿ ಸಹಜವಾಗಿ ಬರುತ್ತಿದ್ದುದನ್ನು ಶಾಲೆಯಲ್ಲಿ ಮತ್ತೆ ಬಿತ್ತಿ ಬೆಳೆಸುವುದು ಎಷ್ಟು ಕಷ್ಟವೆಂಬುದನ್ನು ಆ ಪೋಷಕರೇ ಬಲ್ಲರು.

“ತ್ಯು”, “ವೂ”ಗಳ ವಿಷಯದಲ್ಲಿ ಆಳುವವರ ಆಜ್ಞೆಯು ಸೋತಿತು. ಏಕೆಂದರೆ ಮನೆಯು ಅದಕ್ಕೆ ಕಿವಿಗೊಡಲಿಲ್ಲ. ಬ್ರೆಟನ್ನಿನ ವಿಷಯದಲ್ಲಿ ಅದು ಗೆದ್ದಿತು. ಏಕೆಂದರೆ ಮನೆಯೇ ನಾಚಿ ಬಾಯಿಮುಚ್ಚಿತು. ಭಾಷೆಯ ಅಳಿವು ಉಳಿವುಗಳು ಕೊನೆಗೆ ನಿರ್ಧಾರವಾಗುವುದು ಗೃಹಸ್ಥರ ಪಡಸಾಲೆಯಲ್ಲಿ.

ಮನೆಯಲ್ಲಿ ಕಲಿಯುವ ಬಗೆ

ಆದುದರಿಂದ ಫ್ರೆಂಚನ್ನು ಕಲಿಯಬಾರದೆಂದು ನಾವು ಹೇಳುವವರಲ್ಲ. ಕಲಿಯುವುದಾದರೆ ಅದರ ಮನೆಯೊಳಕ್ಕೆ ಹೋಗಿ ಕಲಿಯಬೇಕೆಂದೂ, ಹೋಗುವಾಗ ನಮ್ಮ ಮನೆಗೆ ಬೀಗ ಹಾಕಬಾರದೆಂದೂ ನಮ್ಮ ಬಿನ್ನಹ. ಮನೆಯಲ್ಲಿ ಫ್ರೆಂಚ್ ಓದುವ ಮಗನೋ ಮಗಳೋ ಇದ್ದರೆ, ವಾರಕ್ಕೆ ಎರಡು ನುಡಿಗಟ್ಟುಗಳನ್ನು ಮಾತ್ರ ಕಲಿತು ಊಟದ ಹೊತ್ತಿನಲ್ಲಿ ಹೇಳಲಿ. ಅದರ ಶಬ್ದಾರ್ಥವನ್ನು ಮೊದಲು ಕನ್ನಡದಲ್ಲಿ ಹೇಳಿ, ಒಳಾರ್ಥವನ್ನು ಮನೆಯವರು ಊಹಿಸಲಿ. ಆಮೇಲೆ ಅಜ್ಜಿಯನ್ನೋ ಅತ್ತೆಯನ್ನೋ “ಇದಕ್ಕೆ ನಮ್ಮಲ್ಲಿ ಏನೆನ್ನುತ್ತಾರೆ?” ಎಂದು ಕೇಳಲಿ. ಬೆಣ್ಣೆಯ ಮಾತಿಗೆ ಅಕ್ಕಿಯ ಗಾದೆಯು ಹೊರಬಂದಂತೆ, ಮನೆಯವರೇ ಮರೆತಿದ್ದ ಎಷ್ಟೋ ಕನ್ನಡದ ಗಾದೆಗಳು ಆಗ ಹೊರಬೀಳುವುವು. ಎರಡನ್ನೂ ಒಂದೇ ಪುಸ್ತಕದಲ್ಲಿ ಎದುರುಬದುರಾಗಿ ಬರೆದಿಡಲಿ. ಫೆಬ್ರವರಿ 2 ರಂದು ದೋಸೆ ಹುಯ್ಯುವಾಗ ಕೈಯಲ್ಲಿ ಒಂದು ರೂಪಾಯಿಯನ್ನು ಹಿಡಿದು ನೋಡಲಿ; ದೋಸೆ ನೆಲಕ್ಕೆ ಬಿದ್ದರೂ “ಶಾಂದ್‌ಲರ್” ಎಂಬ ಶಬ್ದವು ಮನಸ್ಸಿನಲ್ಲಿ ನಿಲ್ಲುವುದು. ಉಚ್ಚಾರಣೆಯನ್ನು ಮಾತ್ರ ಬಲ್ಲವರ ಬಾಯಿಂದಲೇ ಕೇಳಿ ತಿದ್ದಿಕೊಳ್ಳತಕ್ಕದ್ದು. ಫ್ರೆಂಚ್ ಕಲಿಸುವುದಕ್ಕಾಗಿಯೇ 1883 ರಲ್ಲಿ ಪ್ಯಾರಿಸಿನಲ್ಲಿ ಸ್ಥಾಪಿತವಾದ ಅಲಿಯಾಂಸ್ ಫ್ರಾಂಸೇಸ್ ಸಂಸ್ಥೆಯ ಶಾಖೆಯು ಬೆಂಗಳೂರಿನಲ್ಲಿಯೂ ಇದೆ.

ಹೀಗೆ ಕಲಿತ ಮಗುವಿಗೆ ಪರೀಕ್ಷೆಯಲ್ಲಿ ಅಂಕಗಳು ಬಾರದಿರವು. ಅದಕ್ಕಿಂತ ಹೆಚ್ಚಿನ ಲಾಭವೊಂದುಂಟು. ಇನ್ನೊಬ್ಬರು ತಮ್ಮ ಭಾಷೆಯಲ್ಲಿ ರೊಟ್ಟಿಯನ್ನು ಕೇಳಿದಾಗ ಅದು ಬಡಬಡಿಕೆಯಲ್ಲ, ಹಸಿವಿನ ಮಾತು ಎಂಬುದು ಆ ಮಗುವಿಗೆ ತಿಳಿದಿರುತ್ತದೆ. ತನ್ನ ಅಜ್ಜಿಯ ಮಾತನ್ನು ಆಡುವುದಕ್ಕೆ ಅದು ಎಲ್ಲಿಯೂ ನಾಚುವುದಿಲ್ಲ.